ಭಕ್ಷೀಸಿನಲ್ಲಿ ಅಡಗಿದ ಸಂಬಳ

ಅಮೆರಿಕದ ಮಯಾಮಿ ಬಂದರಿನಿಂದ ಶನಿವಾರದ ಸಂಜೆ ‘ಐಕಾನ್ ಆಫ್ ದ ಸೀಸ್’ ಎಂಬ ವಿಹಾರ ಹಡಗು ಏಳು ರಾತ್ರಿಗಳ ಪ್ರವಾಸಕ್ಕೆ ಹೊರಡುತ್ತದೆ. 2024ರ ಜನವರಿಯಲ್ಲಿ ಮೊದಲ ಯಾನ ಮಾಡಿದ ಈ ಹಡಗಿನಲ್ಲಿ, ಕೋಣೆಗೆ ಇಬ್ಬರಂತೆ ಎಣಿಸಿದರೂ 5,610 ಪ್ರಯಾಣಿಕರಿಗೆ ಜಾಗವಿದೆ. ಎಂಜಿನ್ ನೋಡಿಕೊಳ್ಳುವವರಿಂದ ಹಿಡಿದು ಹಾಸಿಗೆ ಹಾಸುವವರವರೆಗೆ ಎಲ್ಲರೂ ಸೇರಿ 2,350 ಸಿಬ್ಬಂದಿ. ಟಿಕೆಟ್ಟಿನ ಹಣ ಎಷ್ಟೋ ದಿನ ಮೊದಲೇ ಸಂದಾಯವಾಗಿರುತ್ತದೆ. ಆದರೂ ಪ್ರತಿ ಪ್ರಯಾಣಿಕರ ಖಾತೆಯಲ್ಲಿ ಇನ್ನೊಂದು ಬಾಬ್ತು ಏರುತ್ತದೆ: ತಲೆಗೆ, ದಿನಕ್ಕೆ, ಇಷ್ಟು ಡಾಲರ್ ಟಿಪ್ಸ್.

ಈ ಹಡಗಿನ ಮಾಲೀಕ ಕಂಪನಿ ರಾಯಲ್ ಕೆರಿಬಿಯನ್ 2023ರ ನವೆಂಬರ್‌ನಲ್ಲಿ ಆ ದರವನ್ನು ಸಾಮಾನ್ಯ ಕೋಣೆಗಳಿಗೆ 18 ಡಾಲರ್‌ಗೆ, ಸೂಟ್‌ಗಳಿಗೆ 20.50 ಡಾಲರ್‌ಗೆ ಏರಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಕಾರ್ನಿವಲ್ ಕಂಪನಿಯ ದರ 16 ಡಾಲರ್ ಆಗಿತ್ತು. ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರವೊಂದು ದಿನಕ್ಕೆ ತಲಾ 18ರಂತೆ ಏಳು ದಿನಕ್ಕೆ ಕೊಡಬೇಕಾದದ್ದು 504 ಡಾಲರ್. ಅದೇ ದರದಲ್ಲಿ 5,610 ಮಂದಿಯ ಲೆಕ್ಕ ಹಾಕಿದರೆ ಒಂದೇ ದಿನಕ್ಕೆ ಲಕ್ಷ ಡಾಲರ್ ದಾಟುತ್ತದೆ. ಇಷ್ಟು ದೊಡ್ಡ ಮೊತ್ತವನ್ನು ಖುಷಿಗೆ ಕೊಟ್ಟ ಚಿಲ್ಲರೆ ಎಂದು ಯಾರೂ ಕರೆಯಲಾರರು. ಅದು ಹಡಗಿನ ಸೇವಾ ಸಿಬ್ಬಂದಿಯ ಸಂಬಳ. ಅದನ್ನು ಭರಿಸುತ್ತಿರುವವರು ಪ್ರಯಾಣಿಕರು.

ಈ ಮಾತು ಕೇಳುತ್ತಿರುವವರಲ್ಲಿ ಮಂಗಳೂರು, ಉಡುಪಿ, ಕಾರವಾರದ ಕಡೆಯ ಮನೆಗಳೂ ಇರಬಹುದು. ‘ಮಗ ಶಿಪ್ಪಿನಲ್ಲಿದ್ದಾನೆ’ ಎಂದರೆ ಸಾಕು, ಅಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರು, ಅಡುಗೆ ಕಲಿತವರು, ಈಗೀಗ ಹುಡುಗಿಯರೂ ಹೀಗೆ ಹೊರಡುತ್ತಾರೆ. ಗೋವಾದಲ್ಲಂತೂ ಇದು ತಲೆಮಾರುಗಳಿಂದ ಬಂದ ಕಸುಬು. ಆ ಮನೆಗಳಿಗೆ ಬರುವ ಡಾಲರ್‌ನಲ್ಲಿ ಕಂಪನಿಯ ಪಾಲೆಷ್ಟು, ಪ್ರಯಾಣಿಕರ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಹಿಂದೆ ಪದ್ಧತಿ ಸರಳವಾಗಿತ್ತು. ಪ್ರಯಾಣಿಕರಿಗೆ ಊಟಕ್ಕೆ ಗೊತ್ತಾದ ಮೇಜು, ಗೊತ್ತಾದ ಹೊತ್ತು, ಗೊತ್ತಾದ ವೇಟರ್. ಅವನಿಗೊಬ್ಬ ಸಹಾಯಕ, ಮೇಲೊಬ್ಬ ಹೆಡ್ ವೇಟರ್. ಕೋಣೆಗೆ ಒಬ್ಬ ಸ್ಟೀವರ್ಡ್. ಕೊನೆಯ ರಾತ್ರಿ ಕೋಣೆಗೆ ಖಾಲಿ ಲಕೋಟೆಗಳು ಬರುತ್ತಿದ್ದವು. ಪ್ರಯಾಣಿಕರು ಅದರಲ್ಲಿ ನೋಟು ಇಟ್ಟು ಅವರವರ ಕೈಗೆ ಕೊಡುತ್ತಿದ್ದರು. ಕೊಟ್ಟವರಿಗೆ ಪಡೆದವರ ಮುಖ ಗೊತ್ತಿತ್ತು. ಆದರೆ ಆ ಮುಖದಾಚೆ ಪಾತ್ರೆ ತೊಳೆಯುವವರು, ಬಟ್ಟೆ ಒಗೆಯುವವರು, ರಾತ್ರಿಯಿಡೀ ಪಡಸಾಲೆ ಒರೆಸುವವರು ಇದ್ದರು. ಅವರಿಗೆ ಲಕೋಟೆ ಕೊಡುವವರು ಯಾರೂ ಇರಲಿಲ್ಲ. ಕೊನೆಯ ರಾತ್ರಿ ಊಟಕ್ಕೇ ಬಾರದೆ ಲಕೋಟೆ ತಪ್ಪಿಸಿಕೊಳ್ಳುವ ಪ್ರಯಾಣಿಕರೂ ಇದ್ದರು.

2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್ ಕ್ರೂಸಿಂಗ್’ ಎಂಬ ಹೊಸ ರೀತಿ ತಂದಿತು. ಬೇಕಾದ ಹೊತ್ತಿಗೆ, ಬೇಕಾದ ರೆಸ್ಟೋರೆಂಟಿನಲ್ಲಿ, ಬೇಕಾದವರ ಜೊತೆ ಕೂತು ಉಣ್ಣಬಹುದು. ಪ್ರಯಾಣಿಕರಿಗೆ ಇದು ಹಿಡಿಸಿತು. ಆದರೆ ದಿನಕ್ಕೊಬ್ಬ ವೇಟರ್ ಬಡಿಸಿದರೆ ಕೊನೆಯ ದಿನ ಲಕೋಟೆ ಯಾರಿಗೆ? ಹೀಗಾಗಿ ತಲೆಗೆ ಇಷ್ಟು ಎಂದು ಖಾತೆಗೇ ಹಾಕಿ, ಒಟ್ಟಾದ ಹಣವನ್ನು ಹಂಚುವ ಕ್ರಮ ಬಂತು. ಒಂದೊಂದೇ ಕಂಪನಿ ಇದೇ ದಾರಿ ಹಿಡಿಯಿತು. ರಾಯಲ್ ಕೆರಿಬಿಯನ್ 2013ರಲ್ಲಿ. ಈಗ ಇದಕ್ಕೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಬಾರಿನಲ್ಲಿ ಕೊಳ್ಳುವ ಪಾನೀಯದ ಮೇಲೆ ಶೇಕಡ 18 ಅಥವಾ 20ರಷ್ಟು ಪ್ರತ್ಯೇಕವಾಗಿ ಸೇರುತ್ತದೆ.

ಹೊಸ ಕ್ರಮದಿಂದ ಒಂದು ಒಳ್ಳೆಯದಾಯಿತು. ಪ್ರಯಾಣಿಕರ ಕಣ್ಣಿಗೆ ಬೀಳದ ಕೆಲಸಗಾರರಿಗೂ ಒಂದು ಪಾಲು ಸಿಕ್ಕಿತು. ಆದರೆ ಹಂಚಿಕೆಯ ತಕ್ಕಡಿ ಪೂರ್ತಿಯಾಗಿ ಕಂಪನಿಯ ಕೈಗೆ ಹೋಯಿತು. ಯಾವ ಹುದ್ದೆಗೆ ಎಷ್ಟು ಪಾಲು ಎಂಬುದನ್ನು ಪ್ರಯಾಣಿಕರಿಗೆ ವಿವರವಾಗಿ ಹೇಳುವ ಕಂಪನಿಗಳು ಕಡಿಮೆ. ಈ ಹಣದ ಒಂದು ಭಾಗ ಸಿಬ್ಬಂದಿ ಕಲ್ಯಾಣದ ಕಾರ್ಯಕ್ರಮಗಳಿಗೂ ಹೋಗುತ್ತದೆ ಎಂದು ನಾರ್ವೇಜಿಯನ್ ಕಂಪನಿ ತಾನೇ ಹೇಳಿಕೊಂಡಿದೆ. ಸಿಬ್ಬಂದಿಯ ಕಲ್ಯಾಣ ಮಾಲೀಕರ ಖರ್ಚೇ ಆಗಬೇಕು; ಅದನ್ನು ಟಿಪ್ಸ್‌ನಿಂದ ತೆಗೆಯುವುದು ನ್ಯಾಯವೆನಿಸುವುದಿಲ್ಲ.

ಇನ್ನು ಸಂಬಳದ ಒಳಗುಟ್ಟು. ಟಿಪ್ಸ್ ಪಡೆಯುವ ಹುದ್ದೆಯ ಅನೇಕ ಒಪ್ಪಂದಗಳಲ್ಲಿ ಎರಡು ಅಂಕಿಗಳಿರುತ್ತವೆ. ಒಂದು, ಕಂಪನಿ ಕೊಡುವ ಮೂಲ ಸಂಬಳ, ಅದು ಚಿಕ್ಕದು. ಎರಡು, ತಿಂಗಳಿಗೆ ಇಷ್ಟಂತೂ ಖಂಡಿತ ಎಂಬ ಭರವಸೆಯ ಮೊತ್ತ. ಟಿಪ್ಸ್ ಸೇರಿ ಆ ಮೊತ್ತ ಮುಟ್ಟದಿದ್ದರೆ ಮಾತ್ರ ಉಳಿದದ್ದನ್ನು ಕಂಪನಿ ತುಂಬುತ್ತದೆ. ಹಾಗಾದರೆ ಪ್ರಯಾಣಿಕರು ಕೊಡುವ ಮೊದಲ ಡಾಲರ್‌ಗಳು ಕಡಿಮೆ ಮಾಡುವುದು ಮಾಲೀಕರ ಹೊರೆಯನ್ನು. ಭರವಸೆಯ ಗೆರೆ ದಾಟಿದ ಮೇಲೆ ಬಂದದ್ದಷ್ಟೇ ಸ್ಟೀವರ್ಡ್‌ಗೆ ನಿಜವಾದ ಹೆಚ್ಚುವರಿ. ದರ ಎರಡು ಡಾಲರ್ ಏರಿದೆ ಎಂಬ ಸುದ್ದಿ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇದು: ಮೂಲ ಸಂಬಳ ಎಷ್ಟು ಏರಿತು?

ಇದು ಹೇಗೆ ಸಾಧ್ಯ ಎಂದು ಕೇಳಿದರೆ ಉತ್ತರ ಹಡಗಿನ ಹಿಂಬದಿಯಲ್ಲಿ ಹಾರುವ ಬಾವುಟದಲ್ಲಿದೆ. ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಅದರ ಮೇಲೆ ಮುಖ್ಯವಾಗಿ ಆ ದೇಶದ ಕಾನೂನು. ಮಯಾಮಿಯಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್‌ನವು ಇಲ್ಲವೇ ಪನಾಮಾದವು. ಮೂರು ದೊಡ್ಡ ಕಂಪನಿಗಳ ಕಚೇರಿಗಳು ಮಯಾಮಿಯ ಸುತ್ತಲೇ ಇದ್ದರೂ ಕಾಗದದ ಮೇಲೆ ಕಾರ್ನಿವಲ್ ಹುಟ್ಟಿದ್ದು ಪನಾಮಾದ ಕಂಪನಿಯಾಗಿ, ರಾಯಲ್ ಕೆರಿಬಿಯನ್ ಲೈಬೀರಿಯಾದ್ದು, ನಾರ್ವೇಜಿಯನ್ನಿನ ಮಾತೃಸಂಸ್ಥೆ ಬರ್ಮುಡಾದ್ದು. ವಿದೇಶಿ ಬಾವುಟದ ಹಡಗಿನ ನಾವಿಕರಿಗೆ ಅಮೆರಿಕದ ಕನಿಷ್ಠ ವೇತನ ಕಾನೂನು ಅನ್ವಯಿಸುವುದಿಲ್ಲ. ಸಂಘಟನೆಯ ಹಕ್ಕಿನ ವಿಷಯದಲ್ಲೂ ಹಾಗೆಯೇ. ಹೊಂಡುರಾಸ್‌ನಿಂದ ಬಾಳೆಹಣ್ಣು ತರುತ್ತಿದ್ದ ಹಡಗುಗಳ ನೌಕರರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ, ತನ್ನ ದೇಶದ ಕಾರ್ಮಿಕ ಸಂಘಟನೆಯ ಕಾನೂನು ವಿದೇಶಿ ಬಾವುಟದ ಹಡಗಿನ ವಿದೇಶಿ ನಾವಿಕರಿಗೆ ತಾಗುವುದಿಲ್ಲ ಎಂದು ತೀರ್ಪಿತ್ತಿತು. ಬಾಳೆಹಣ್ಣಿನ ಹಡಗಿನ ಆ ತೀರ್ಪಿನ ನೆರಳು ಇವತ್ತಿನ ಈಜುಕೊಳದ ಹಡಗುಗಳ ಮೇಲೂ ಬಿದ್ದಿದೆ.

ಒಂದೇ ದೊಡ್ಡ ಹಡಗು ಇದಕ್ಕೆ ಹೊರತು. ಹವಾಯಿ ದ್ವೀಪಗಳ ನಡುವೆಯೇ ಸುತ್ತುವ ‘ಪ್ರೈಡ್ ಆಫ್ ಅಮೆರಿಕ’. ಅಮೆರಿಕದ ಬಂದರುಗಳ ನಡುವೆ ಮಾತ್ರ ಜನರನ್ನು ಸಾಗಿಸುವ ಹಡಗಿಗೆ ಅಮೆರಿಕದ ಬಾವುಟವೇ ಇರಬೇಕೆಂದು 1886ರ ಒಂದು ಕಾನೂನು ಹೇಳುತ್ತದೆ. ಆದ್ದರಿಂದ ನಾರ್ವೇಜಿಯನ್ ಕಂಪನಿಯ ಆ ಹಡಗಿಗೆ ಅಮೆರಿಕದ ಸಿಬ್ಬಂದಿ, ಅಮೆರಿಕದ ವೇತನ ಕಾನೂನು. ಅದೇ ಕಂಪನಿ, ಅದೇ ಬಗೆಯ ಕೆಲಸ, ಅದೇ ಬಗೆಯ ಹಾಸಿಗೆ. ಬಾವುಟ ಬದಲಾದ ಕೂಡಲೇ ಸಂಬಳದ ಲೆಕ್ಕವೇ ಬದಲಾಗುತ್ತದೆ. ಹಾಗೆಂದು ಅಮೆರಿಕದ ನೆಲದ ಮೇಲೆ ವೇಟರುಗಳು ಸುಖವಾಗಿದ್ದಾರೆ ಎಂದಲ್ಲ. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ನಗದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್. 1991ರಿಂದ ಆ ಅಂಕಿ ಕದಲಿಲ್ಲ.

ಸಮುದ್ರದಲ್ಲಿ ಕಾನೂನೇ ಇಲ್ಲವೆಂದು ತಿಳಿಯಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರಲ್ಲಿ ಜಿನೀವಾದಲ್ಲಿ ಅಂಗೀಕರಿಸಿದ ಸಾಗರ ಕಾರ್ಮಿಕ ಒಪ್ಪಂದ 2013ರ ಆಗಸ್ಟ್ 20ರಂದು ಜಾರಿಗೆ ಬಂತು. ಭಾರತ ಅದನ್ನು 2015ರಲ್ಲಿ ಅನುಮೋದಿಸಿ ಸೇರಿಕೊಂಡಿತು. ಆ ಒಪ್ಪಂದದ ಬಹುದೊಡ್ಡ ಸಾಧನೆಯೆಂದರೆ, ಹಡಗಿನಲ್ಲಿ ತಟ್ಟೆ ಎತ್ತುವವರನ್ನೂ ಕೋಣೆ ಗುಡಿಸುವವರನ್ನೂ ಅದು ನಾವಿಕರೆಂದೇ ಎಣಿಸಿದ್ದು. ತಿಂಗಳಿಗೊಮ್ಮೆಯಾದರೂ ಸಂಬಳ ಕೊಡಬೇಕು. ಊಟ, ವಸತಿ ಉಚಿತ. ಕೆಲಸದ ಒಪ್ಪಂದ ಮುಗಿದ ಮೇಲೆ ಊರಿಗೆ ಕಳಿಸುವ ಖರ್ಚು ಮಾಲೀಕರದು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿರಾಮ. ಇಲ್ಲವೇ ಕೆಲಸ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು.

ಕೊನೆಯ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು. ವಾರಕ್ಕೆ 72 ಗಂಟೆ ಎಂದರೆ ಭಾನುವಾರವೂ ಸೇರಿ ದಿನಕ್ಕೆ ಹತ್ತು ಗಂಟೆಗೂ ಮೇಲೆ. ಹೋಟೆಲ್ ವಿಭಾಗದ ಒಪ್ಪಂದ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟೂ ಕಾಲ ವಾರದ ರಜೆ ಎಂಬುದಿಲ್ಲ. ಬೆಳಗ್ಗೆ ತಿಂಡಿಯ ಪಾಳಿ, ಮಧ್ಯಾಹ್ನ ಒಂದಷ್ಟು ಬಿಡುವು, ಮತ್ತೆ ರಾತ್ರಿ ಊಟದ ಪಾಳಿ. ಪ್ರವಾಸ ಮುಗಿದು ಹೊಸದು ಶುರುವಾಗುವ ದಿನ ಸಾವಿರಾರು ಮಂದಿ ಇಳಿದು ಸಾವಿರಾರು ಮಂದಿ ಹತ್ತುವ ನಡುವೆ ಇರುವುದು ಕೆಲವೇ ಗಂಟೆ. ಅಷ್ಟರಲ್ಲಿ ಪ್ರತಿ ಹಾಸಿಗೆಯ ಹೊದಿಕೆ ಬದಲಾಗಬೇಕು. ನೀರಿನ ಮಟ್ಟದ ಬಳಿಯ ಅಂತಸ್ತುಗಳಲ್ಲಿ ಇಬ್ಬರು ಮೂವರು ಹಂಚಿಕೊಳ್ಳುವ ಕಿಟಕಿಯಿಲ್ಲದ ಕೋಣೆಗಳು. ಹಡಗಿನ ಉದ್ದಕ್ಕೂ ಸಾಗುವ ಸಿಬ್ಬಂದಿಯ ಓಣಿಯನ್ನು ಅನೇಕ ಹಡಗುಗಳಲ್ಲಿ ‘ಐ-95’ ಎನ್ನುತ್ತಾರೆ, ಅಮೆರಿಕದ ಪೂರ್ವ ತೀರದ ಹೆದ್ದಾರಿಯ ಹೆಸರು ಅದು. ಒಪ್ಪಂದ ಮುಗಿಸಿ ‘ಸೈನ್ ಆಫ್’ ಆಗಿ ಮನೆಗೆ ಬಂದ ಮೇಲೆ ಎರಡು ತಿಂಗಳ ರಜೆಗೆ ಸಾಮಾನ್ಯವಾಗಿ ಸಂಬಳವಿಲ್ಲ. ಹಾಗಾಗಿ ಹಡಗಿನ ತಿಂಗಳ ಗಳಿಕೆಯನ್ನು ಹನ್ನೆರಡರಿಂದ ಗುಣಿಸುವ ತಪ್ಪನ್ನು ಊರಿನ ನೆಂಟರು ಮಾಡಬಾರದು.

ಸಂಬಳಕ್ಕೆ ತಳಮಟ್ಟವೊಂದನ್ನೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗೊತ್ತುಮಾಡುತ್ತದೆ. ಪಳಗಿದ ಡೆಕ್ ನಾವಿಕರಿಗೆ ತಿಂಗಳ ಕನಿಷ್ಠ ಮೂಲ ವೇತನ 2023ರಲ್ಲಿ 658 ಡಾಲರ್ ಆಗಿತ್ತು. ಆದರೆ ಅದು ಶಿಫಾರಸು, ಮತ್ತು ಆ ಒಂದು ದರ್ಜೆಗೆ ಹೇಳಿದ್ದು. ವೇಟರಿಗೆ, ಸ್ಟೀವರ್ಡಿಗೆ ಇಂಥದೊಂದು ಜಾಗತಿಕ ಅಂಕಿ ಇಲ್ಲ. ಅವರ ಸಂಬಳ ನಿಂತಿರುವುದು ಸಂಘಗಳ ಚೌಕಾಶಿಯ ಮೇಲೆ. ನಾರ್ವೆಯ ನಾವಿಕರ ಸಂಘ ರಾಯಲ್ ಕೆರಿಬಿಯನ್ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದೆ. ಸಂಘ ಬಲವಾಗಿದ್ದಲ್ಲಿ ಭರವಸೆಯ ಮೊತ್ತವೂ ಗಟ್ಟಿ.

ನಾವಿಕರೆಂದು ಎಣಿಸುವುದು ಬರಿಯ ಮರ್ಯಾದೆಯ ಮಾತಲ್ಲ. ಹಡಗು ಹತ್ತುವ ಮೊದಲು ಪ್ರತಿ ವೇಟರೂ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ವಿಧಾನ, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ ಮೊದಲಾದ ತರಬೇತಿ ಮುಗಿಸಬೇಕು. ಅಪಾಯದ ಗಂಟೆ ಬಾರಿಸಿದರೆ ಜನರನ್ನು ಒಟ್ಟುಗೂಡಿಸಿ ದೋಣಿ ಹತ್ತಿಸುವವರಲ್ಲಿ ಅವರೂ ಇರುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಂಡೆಗೆ ಬಡಿದು ‘ಕೋಸ್ಟಾ ಕಾಂಕಾರ್ಡಿಯಾ’ ವಾಲಿದಾಗ 32 ಮಂದಿ ಸತ್ತರು. ಅವರಲ್ಲಿ ಕೊನೆಗೆ, 2014ರ ನವೆಂಬರ್‌ನಲ್ಲಿ, ಅವಶೇಷ ಸಿಕ್ಕಿದ್ದು ಮುಂಬೈ ಕಡೆಯ ಒಬ್ಬ ವೇಟರಿನದು. ಆ ರಾತ್ರಿ ಅವರು ಪ್ರಯಾಣಿಕರನ್ನು ದೋಣಿಗೆ ಹತ್ತಿಸುವ ಕೆಲಸದಲ್ಲಿದ್ದರು ಎಂದು ಬದುಕಿ ಬಂದವರು ಹೇಳಿದರು. ಊಟ ಬಡಿಸುವ ಕೈಗಳ ಮೇಲೆ ಇಂಥ ಹೊಣೆಯೂ ಇರುವಾಗ, ಆ ಕೈಗಳ ಕೂಲಿ ಪ್ರಯಾಣಿಕರ ಮನಸ್ಸಿನ ಏರಿಳಿತಕ್ಕೆ ಸಿಕ್ಕಿಕೊಂಡಿರುವುದು ಎಷ್ಟು ಸರಿ?

ಇಂಥ ಕೂಲಿಯ ರುಚಿ ಭಾರತೀಯರಿಗೇ ಚೆನ್ನಾಗಿ ಗೊತ್ತು. 2011ರಲ್ಲಿ ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ ಕಂಪನಿಯ ‘ಅರ್ಕೇಡಿಯಾ’ ಹಡಗು ಅಮೆರಿಕದ ಸಿಯಾಟಲ್ ಬಂದರಿನಲ್ಲಿದ್ದಾಗ ಸುಮಾರು 150 ಭಾರತೀಯ ನೌಕರರು, ವೇಟರುಗಳು, ಅಡುಗೆಯವರು, ಸ್ವಚ್ಛತೆಯವರು, ಕೆಳಗಿಳಿದು ಧಕ್ಕೆಯ ಮೇಲೆ ನಿಂತು ಕಡಿಮೆ ಸಂಬಳದ ವಿರುದ್ಧ ದನಿ ಎತ್ತಿದರು. ಸ್ವಲ್ಪ ಹೊತ್ತಿನ ಶಾಂತ ಪ್ರತಿಭಟನೆ. ಮತ್ತೆ ಕೆಲಸಕ್ಕೆ ಹೋದರು. ಆ ಒಪ್ಪಂದ ಮುಗಿದ ಮೇಲೆ ಅವರಿಗೆ ಹೊಸ ಒಪ್ಪಂದ ಸಿಗಲಿಲ್ಲ. ಯಾರನ್ನೂ ಕೆಲಸದಿಂದ ತೆಗೆಯಬೇಕಾಗಿಯೇ ಇಲ್ಲ, ಮುಂದಿನ ಸಲ ಕರೆಯದಿದ್ದರೆ ಸಾಕು. ಆರೆಂಟು ತಿಂಗಳ ಒಪ್ಪಂದದ ಬಲ ಇರುವುದು ಇಲ್ಲಿ.

ಮರುವರ್ಷ ‘ಗಾರ್ಡಿಯನ್’ ಪತ್ರಿಕೆ ಈ ಸುದ್ದಿಯನ್ನೂ, ಅದೇ ಕಂಪನಿಯ ಕೆಲವು ಸಿಬ್ಬಂದಿಯ ಮೂಲ ಸಂಬಳ ತಿಂಗಳಿಗೆ 250 ಪೌಂಡ್, ಅಂದರೆ ಗಂಟೆಗೆ ಸುಮಾರು 75 ಪೆನ್ಸ್ ಎಂಬುದನ್ನೂ ಬಯಲಿಗೆ ತಂದಿತು. ಟಿಪ್ಸ್ ಹಣವನ್ನು ಬೋನಸ್ ಆಗಿ ಬದಲಿಸಿ, ಪ್ರಯಾಣಿಕರ ತೃಪ್ತಿಯ ಅಂಕಕ್ಕೆ ಗಂಟುಹಾಕುವ ಯೋಜನೆಯೂ ಆಗ ಟೀಕೆಗೆ ಗುರಿಯಾಯಿತು. ಬ್ರಿಟನ್ನಿನ ನೆಲದ ಮೇಲಾದರೆ 2009ರ ಅಕ್ಟೋಬರ್‌ನಿಂದಲೇ ಟಿಪ್ಸ್ ಅನ್ನು ಕನಿಷ್ಠ ವೇತನದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸೌತಾಂಪ್ಟನ್ ಧಕ್ಕೆಯ ಹೋಟೆಲಿನಲ್ಲಿ ಇದ್ದ ಆ ರಕ್ಷಣೆ ಎದುರಿಗೆ ಲಂಗರು ಹಾಕಿದ ಹಡಗಿನ ಊಟದ ಮನೆಯಲ್ಲಿ ಇರಲಿಲ್ಲ.

ಕಂಪನಿಗಳ ವಾದವನ್ನೂ ಕೇಳಬೇಕು. ಊಟ, ವಸತಿ, ವೈದ್ಯ ಎಲ್ಲ ಪುಕ್ಕಟೆ. ಟಿಪ್ಸ್ ಸೇರಿ ಕೈಗೆ ಬರುವುದು ಅವರ ಊರಿನಲ್ಲಿ ಅದೇ ಕೆಲಸಕ್ಕೆ ಸಿಗುವುದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೇ ಮತ್ತೆ ಮತ್ತೆ ಬರುತ್ತಾರೆ ಎನ್ನುತ್ತಾರೆ ಅವರು. ಇದರಲ್ಲಿ ನಿಜವಿದೆ. ಹಡಗಿನ ದುಡ್ಡಿನಿಂದ ಎದ್ದ ತಾರಸಿ ಮನೆಗಳು, ತೀರಿದ ಸಾಲಗಳು, ಓದಿದ ತಂಗಿಯರು ಕರಾವಳಿಯಲ್ಲಿ ಎಷ್ಟೋ. ಆದರೆ ಊರಿನಲ್ಲಿ ಕೂಲಿ ಕಡಿಮೆ ಎಂಬುದು ಹಡಗಿನಲ್ಲಿ ಕೂಲಿ ಕಡಿಮೆ ಕೊಡಲು ಕಾರಣವಾಗಬಾರದು. ಪ್ರಯಾಣಿಕರು ಕೊಡುವ ಟಿಕೆಟ್ ಡಾಲರ್, ಪೌಂಡ್‌ಗಳಲ್ಲೇ ತಾನೇ ಇರುವುದು?

ಬೇರೆ ದಾರಿ ಇದೆ, ಮತ್ತು ಅದನ್ನು ತೋರಿಸಿದ್ದು ಅದೇ ಪಿ ಅಂಡ್ ಓ. 2019ರ ಮೇ ತಿಂಗಳಿನಿಂದ ಆ ಕಂಪನಿ ದಿನದ ಸೇವಾಶುಲ್ಕವನ್ನೇ ಕಿತ್ತುಹಾಕಿ ಟಿಕೆಟ್ ದರದೊಳಗೆ ಸೇರಿಸಿತು. ಜರ್ಮನಿಯ ಟುಯಿ ಕ್ರೂಸಸ್ ಹಡಗುಗಳಲ್ಲೂ ಟಿಪ್ಸ್ ದರದಲ್ಲೇ ಅಡಕ. ಹಾಗೆ ಮಾಡಿದರೆ ಜಾಹೀರಾತಿನಲ್ಲಿ ಟಿಕೆಟ್ ದುಬಾರಿ ಕಾಣುತ್ತದೆ ಎಂಬುದೇ ಉಳಿದವರ ಭಯ. 504 ಡಾಲರ್ ಅನ್ನು ಮೊದಲ ದಿನವೇ ಹೇಳುವುದಕ್ಕಿಂತ ಆಮೇಲೆ ಬೇರೆ ಹೆಸರಿನಲ್ಲಿ ಸೇರಿಸುವುದು ಅವರಿಗೆ ಅನುಕೂಲ. ಖಾತೆಯಲ್ಲಿ ಪ್ರತ್ಯೇಕವಾಗಿ ಕಾಣುವವರೆಗೂ ಅದನ್ನು ತೆಗೆಸಲು ಹೊರಡುವವರು ಇದ್ದೇ ಇರುತ್ತಾರೆ, ಏಟು ಬೀಳುವುದು ಸ್ಟೀವರ್ಡಿನ ಮೇಲೆ.

ಕೋವಿಡ್‌ನಿಂದಾಗಿ ಪ್ರಯಾಣಿಕರೇ ಇಲ್ಲದ ಕಾಲವೂ ಬಂತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ತಡೆದು ನಿಲ್ಲಿಸಿದಾಗ ಅದರಲ್ಲಿದ್ದ 3,711 ಮಂದಿಯಲ್ಲಿ 132 ಭಾರತೀಯ ಸಿಬ್ಬಂದಿ. ಕಾರವಾರದವರೂ ಅಲ್ಲಿದ್ದರು. ಪ್ರಯಾಣಿಕರು ಕೋಣೆಯೊಳಗೆ ಉಳಿದರೆ, ಬಾಗಿಲು ಬಾಗಿಲಿಗೆ ಊಟ ಒಯ್ದವರು ಈ ಸಿಬ್ಬಂದಿ. ಕೊನೆಗೆ 712 ಮಂದಿಗೆ ಸೋಂಕು. ಮಾರ್ಚ್ ಹೊತ್ತಿಗೆ ಜಗತ್ತಿನ ವಿಹಾರ ಹಡಗುಗಳೆಲ್ಲ ನಿಂತವು. ಪ್ರಯಾಣಿಕರು ಇಳಿದರು; ಸಿಬ್ಬಂದಿಯನ್ನು ಇಳಿಸಿಕೊಳ್ಳಲು ಬಂದರುಗಳು ಒಪ್ಪಲಿಲ್ಲ. ‘ಮರೆಲ್ಲಾ ಡಿಸ್ಕವರಿ’ಯ ಸುಮಾರು 145 ಭಾರತೀಯರು ಮುಂಬೈ ತೀರ ಕಣ್ಣಿಗೆ ಕಾಣುತ್ತಿದ್ದರೂ ಏಪ್ರಿಲ್ ಕೊನೆಯ ವಾರದವರೆಗೆ ಹಡಗಿನಲ್ಲೇ ಕಾಯಬೇಕಾಯಿತು. ಸಂಬಳದ ದೊಡ್ಡ ಪಾಲು ಪ್ರಯಾಣಿಕರಿಂದ ಬರುತ್ತಿದ್ದವರಿಗೆ ಪ್ರಯಾಣಿಕರಿಲ್ಲದ ತಿಂಗಳುಗಳಲ್ಲಿ ಏನು ಉಳಿದೀತು? ಒಪ್ಪಂದ ಮುಗಿದವರಿಗೆ ಮೂಲ ಸಂಬಳವೂ ಇಲ್ಲ. ಅಮೆರಿಕದಿಂದ ಯಾನಗಳು ಮತ್ತೆ ಶುರುವಾದದ್ದು 2021ರ ಜೂನ್‌ನಲ್ಲಿ.

ಈಗ ಹೊರಡಲು ತಯಾರಾಗಿರುವ ಹುಡುಗ ಹುಡುಗಿಯರಿಗೆ, ಅವರ ಮನೆಯವರಿಗೆ ಎರಡು ಮಾತು. ಸಿ.ಡಿ.ಸಿ. ಎಂಬ ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಇವುಗಳ ಖರ್ಚು ಅಭ್ಯರ್ಥಿಯದು. ವೀಸಾ ಖರ್ಚು ಮಾಲೀಕರದು. ಕೆಲಸ ಕೊಡಿಸಿದ್ದಕ್ಕೆಂದು ಏಜೆಂಟ್ ಕೇಳುವ ಹಣ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಭಾರತದ ನಿಯಮಕ್ಕೂ ವಿರುದ್ಧ. ನೇಮಕ ಮಾಡುವ ಸಂಸ್ಥೆಗೆ ಭಾರತ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯದ ಆರ್.ಪಿ.ಎಸ್.ಎಲ್. ಪರವಾನಗಿ ಇರಲೇಬೇಕು, ಪರವಾನಗಿ ಪಡೆದವರ ಪಟ್ಟಿ ಆ ಇಲಾಖೆಯ ಬಳಿ ಎಲ್ಲರಿಗೂ ಸಿಗುತ್ತದೆ. ಒಪ್ಪಂದ ಕೈಗೆ ಬಂದಾಗ ಮೂಲ ಸಂಬಳ ಎಷ್ಟು, ಖಾತರಿ ಮೊತ್ತ ಎಷ್ಟು, ಹೆಚ್ಚಿನ ಗಂಟೆಗಳ ಲೆಕ್ಕ ಹೇಗೆ ಎಂಬ ಮೂರನ್ನೂ ಸಹಿಗೆ ಮೊದಲು ಓದಬೇಕು. ಒಟ್ಟು ಮೊತ್ತ ಒಂದನ್ನೇ ಹೇಳುವ ಏಜೆಂಟರ ಮಾತನ್ನು ಅಲ್ಲಿಗೇ ನಿಲ್ಲಿಸಿ, ಇದರಲ್ಲಿ ಟಿಪ್ಸ್ ಎಷ್ಟು ಎಂದು ಕೇಳಬೇಕು. ತೆರಿಗೆಯ ವಿಷಯದಲ್ಲಿ ಒಂದು ನೆಮ್ಮದಿ ಇದೆ. ಅನಿವಾಸಿಯೆಂದು ಪರಿಗಣಿತರಾದ ನಾವಿಕರು ವಿದೇಶಿ ಹಡಗಿನಲ್ಲಿ ದೇಶದ ಹೊರಗೆ ದುಡಿದ ಸಂಬಳ ಭಾರತದ ಅನಿವಾಸಿ ಖಾತೆಗೆ ಜಮೆಯಾಯಿತೆಂಬ ಒಂದೇ ಕಾರಣಕ್ಕೆ ಅದಕ್ಕೆ ತೆರಿಗೆ ಬೀಳದು ಎಂದು ನೇರ ತೆರಿಗೆ ಮಂಡಳಿ 2017ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿದೆ.

ಇನ್ನು ಪ್ರವಾಸಿಗರಾಗಿ ಹಡಗು ಹತ್ತುವವರು. ಮುಂಬೈಯಿಂದ, ಸಿಂಗಪುರದಿಂದ, ದುಬೈಯಿಂದ ಹೊರಡುವ ಹಡಗುಗಳಲ್ಲಿ ಈಗ ಕನ್ನಡದ ಸಂಸಾರಗಳೂ ಕಾಣುತ್ತವೆ. ಟಿಕೆಟ್ ಕಾದಿರಿಸುವಾಗಲೇ ಟಿಪ್ಸ್ ಸೇರಿದೆಯೇ, ಇಲ್ಲವೇ ಎಂದು ಕೇಳಿ, ಆ ಹಣವನ್ನು ಟಿಕೆಟ್ ಬೆಲೆಯ ಭಾಗವೆಂದೇ ಎಣಿಸಿಕೊಳ್ಳುವುದು ಒಳ್ಳೆಯದು. ಅನೇಕ ಹಡಗುಗಳಲ್ಲಿ ಅತಿಥಿ ಸೇವೆಯ ಕೌಂಟರಿಗೆ ಹೋಗಿ ಅದನ್ನು ತೆಗೆಸಬಹುದು, ನಿಜ. ತೆಗೆಸಿ, ತಮಗಿಷ್ಟವಾದ ಒಬ್ಬರ ಕೈಗೆ ನಗದು ಕೊಟ್ಟರೆ ಆಯಿತಲ್ಲ ಎಂದು ಕೆಲವರು ಯೋಚಿಸುತ್ತಾರೆ. ಕೆಲವು ಕಂಪನಿಗಳಲ್ಲಿ, ಶುಲ್ಕ ತೆಗೆಸಿದ ಪ್ರಯಾಣಿಕರಿಂದ ಪಡೆದ ನಗದನ್ನು ಸಿಬ್ಬಂದಿ ಒಟ್ಟು ನಿಧಿಗೆ ಒಪ್ಪಿಸಬೇಕೆಂಬ ನಿಯಮವಿದೆ. ಒಪ್ಪಿಸದಿದ್ದರೆ ಅವರ ಕೆಲಸಕ್ಕೇ ಸಂಚಕಾರ. ಬಟ್ಟೆ ಒಗೆದವರಿಗಂತೂ ಆ ನಗದು ಮುಟ್ಟುವುದೇ ಇಲ್ಲ. ಸೇವೆಯಲ್ಲಿ ಕೊರತೆ ಕಂಡರೆ ಅದೇ ದಿನ ಕೌಂಟರಿನಲ್ಲಿ ಹೇಳಿ ಸರಿಪಡಿಸಿಕೊಳ್ಳಬಹುದು. ಹಣ ಕಡಿತ ಮಾಡಿಸಿದರೆ ತಪ್ಪು ಮಾಡಿದವರ ಜೊತೆ ಹತ್ತಾರು ಮಂದಿಯ ಪಾಲು ತಗ್ಗುತ್ತದೆ. ಮನಸ್ಸಿಗೆ ಹಿಡಿಸುವಂತೆ ನೋಡಿಕೊಂಡವರಿಗೆ ಶುಲ್ಕದ ಮೇಲೆ ಒಂದಿಷ್ಟು ಕೈಯಾರೆ ಕೊಟ್ಟರೆ ಅದು ಅವರದೇ. ಪ್ರವಾಸ ಮುಗಿದ ಮೇಲೆ ಕಂಪನಿ ಕಳಿಸುವ ಅಭಿಪ್ರಾಯ ಪತ್ರದಲ್ಲಿ ಅವರ ಹೆಸರನ್ನೂ ಕೆಲಸದ ಜಾಗವನ್ನೂ ಬರೆಯುವುದು ಇನ್ನೂ ಮೇಲು. ಹೆಸರು ಬಂದವರ ಪಟ್ಟಿಯನ್ನು ಮೇಲಧಿಕಾರಿಗಳು ನೋಡುತ್ತಾರೆ. ಬಡ್ತಿಯ ಮಾತು ಬಂದಾಗ, ಮುಂದಿನ ಒಪ್ಪಂದದ ಮಾತು ಬಂದಾಗ ಆ ಪಟ್ಟಿ ಲೆಕ್ಕಕ್ಕೆ ಬರುತ್ತದೆ.